ಪೆನ್‌ರೋಸ್ ಅನ್ನೋ ಅಡ್ಡಹೆಸರಿನ ಮೂಲ ಹುಡುಕ್ತಾ ಇದೀನಿ, ಗೊತ್ತಿರೋರು ದಾರಿ ತೋರಿಸಿ

ಮಾಲೂರು_ಮಗಳು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ನಮ್ಮಪ್ಪ ಮಾಲೂರಿನೋರು, ಅಮ್ಮ ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಯೋರು. ಮದುವೆಗೆ ಮುಂಚೆ ಅಮ್ಮನ ಹೆಸರಿನ ಕೊನೇಲಿ ಪೆನ್‌ರೋಸ್ ಅಂತ ಇತ್ತು. ನಾನು ಬೆಳೆದಿದ್ದು ಪೂರ್ತಿ ಮಾಲೂರಲ್ಲಿ, ಮನೇಲಿ ಕನ್ನಡ, ರಜಕ್ಕೆ ಚಾಂಪಿಯನ್ ರೀಫ್‌ಗೆ ಹೋದ್ರೆ ಅಲ್ಲಿ ಇಂಗ್ಲಿಷು ತಮಿಳು ಕನ್ನಡ ಎಲ್ಲಾ ಒಟ್ಟೊಟ್ಟಿಗೆ. ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಹೋದ ವರ್ಷ ಆಪರೇಷನ್ ಆಗಿ ಮಲಗಿದ್ದಾಗ ಒಂದೇ ಮಾತು ಹೇಳ್ತಿದ್ರು, ನಮ್ಮೋರು ಎಲ್ಲಿಂದ ಬಂದ್ರು ಅನ್ನೋದನ್ನ ಒಂದ್ಸಲ ತಿಳ್ಕೋಬೇಕಿತ್ತು ಕಣೆ ಅಂತ. ಅವತ್ತಿಂದ ನಾನು ಇದರ ಹಿಂದೆ ಬಿದ್ದಿದೀನಿ.

ನಮಗೆ ಗೊತ್ತಿರೋದು ಇಷ್ಟೇ. ಅಮ್ಮನ ಮುತ್ತಾತ ಇಂಗ್ಲೆಂಡಿಂದ ಬಂದೋರು. ಮನೇಲಿ ಎಲ್ಲರೂ ಅವರನ್ನ ಕ್ಯಾಪ್ಟನ್ ಪೆನ್‌ರೋಸ್ ಅಂತಲೇ ಕರೀತಿದ್ದಿದ್ದು, ಮಿಲಿಟರೀಲಿ ಇದ್ರು ಅಂತ ನಮ್ಮಜ್ಜಿ ಹೇಳ್ತಿದ್ರು. ಇಲ್ಲೇ ಕೆಜಿಎಫ್‌ನಲ್ಲೇ ಮದುವೆ ಆದ್ರಂತೆ, ಮದ್ರಾಸಿನ ಕಡೆ ಹುಡುಗಿ. ಅಜ್ಜಿಯ ತಗಡಿನ ಟ್ರಂಕಲ್ಲಿ ಒಂದು ಪ್ರಾರ್ಥನೆ ಹಾಡಿನ ಪುಸ್ತಕ ಸಿಕ್ತು, ಅಂಗೈ ಅಗಲ ಇದೆ, ರಟ್ಟು ಕಿತ್ತೋಗಿದೆ, ಒಳಗಿನ ಮೊದಲ ಹಾಳೇಲಿ ಶಾಯೀಲಿ ಅವರ ಹೆಸರು, ಕೆಳಗೆ 1889, ಅದರ ಕೆಳಗೆ ಒಂದು ಊರಿನ ಹೆಸರು. ಆ ಊರಿನ ಹೆಸರಿನ ಮೇಲೆ ನೀರು ಬಿದ್ದು ಕಲೆ ಆಗಿದೆ, ನಾವು ಅದನ್ನ ಬ್ರಿಡ್ಜ್ ಅಂತ ಓದ್ಕೊಂಡಿದೀವಿ. ಹುಡುಕಿದ್ರೆ ಕೆಂಟ್ ಅನ್ನೋ ಕೌಂಟೀಲಿ ಕ್ಯಾಂಟರ್‌ಬರಿ ಹತ್ರ ನಿಜವಾಗ್ಲೂ ಬ್ರಿಡ್ಜ್ ಅನ್ನೋ ಹಳ್ಳಿ ಇದೆ. ಅಲ್ಲಿನ ದಾಖಲೆ ತಡಕಾಡ್ದೆ, ಒಬ್ಬ ಪೆನ್‌ರೋಸ್ ಕೂಡ ಸಿಗ್ಲಿಲ್ಲ. ಬ್ರಿಟಿಷ್ ಸೈನ್ಯದ ಆಫೀಸರ್‌ಗಳ ಪಟ್ಟಿ, ಮದ್ರಾಸ್ ಸೈನ್ಯದ ಪಟ್ಟಿ ಅಂತ ರಾತ್ರಿ ಹನ್ನೊಂದು ಹನ್ನೆರಡರವರೆಗೆ ಕೂತು ನೋಡಿದೀನಿ, ಅಲ್ಲೂ ಇಲ್ಲ.

ಇದರ ಮಧ್ಯೆ ನಮ್ಮಣ್ಣ ಯಾವುದೋ ಒಂದು ವೆಬ್‌ಸೈಟಲ್ಲಿ ದುಡ್ಡು ಕಟ್ಟಿ ಪೆನ್‌ರೋಸ್ ವಂಶದ ಲಾಂಛನ ಅಂತ ಒಂದು ಫ್ರೇಮ್ ತರಿಸಿದಾನೆ, ಗುರಾಣಿ, ಬಣ್ಣ, ಕೆಳಗೆ ಲ್ಯಾಟಿನ್ ಅಕ್ಷರ ಎಲ್ಲಾ ಇದೆ. ಪೆನ್‌ರೋಸ್ ಅನ್ನೋರೆಲ್ಲಾ ಒಂದೇ ಜಮೀನ್ದಾರಿ ಮನೆತನದೋರು ಅಂತ ಜೊತೇಲಿ ಒಂದು ಕಾಗದ. 2020ರಲ್ಲಿ ಫಿಸಿಕ್ಸ್ ನೊಬೆಲ್ ತಗೊಂಡ್ರಲ್ಲ ರೋಜರ್ ಪೆನ್‌ರೋಸ್, ಅವರೂ ನಮ್ಮೋರೇ ಇರ್ಬೇಕು ಅಂತ ಅಣ್ಣನ ವಾದ. ಅಮ್ಮ ಆ ಫ್ರೇಮನ್ನ ದಿನಾ ಒರೆಸ್ತಾರೆ, ಆದ್ರೆ ನನಗೆ ಮನಸ್ಸು ಒಪ್ತಾ ಇಲ್ಲ. ಸುಳ್ಳಾಗಿದ್ರೆ ಅಮ್ಮನಿಗೆ ಸುಳ್ಳು ಕೊಡೋದು ಬೇಡ ಅನ್ಸುತ್ತೆ.

ಪೆನ್‌ರೋಸ್ ಅಂದ್ರೆ ಅರ್ಥ ಏನು, ಗುಲಾಬಿ ಹೂವಿಗೂ ಅದಕ್ಕೂ ಸಂಬಂಧ ಇದೆಯಾ, ಹೆಸರು ಇಟ್ಕೊಂಡು ಊರು ಹುಡುಕೋಕೆ ಆಗುತ್ತಾ? ಇನ್ನೊಂದು ವಿಷಯ ಉಪಯೋಗಕ್ಕೆ ಬರುತ್ತೋ ಇಲ್ವೋ ಗೊತ್ತಿಲ್ಲ, ಅಜ್ಜಿ ಕ್ರಿಸ್‌ಮಸ್ ಟೈಮಲ್ಲಿ ದೊಡ್ಡ ಕರ್ಜಿಕಾಯಿ ಥರ ಒಂದು ಮಾಡೋರು, ಒಳಗೆ ಮಾಂಸ ಆಲೂಗಡ್ಡೆ ಈರುಳ್ಳಿ, ಅಂಚನ್ನ ಪಕ್ಕದಲ್ಲಿ ಹಗ್ಗ ಹೊಸೆದ ಹಾಗೆ ಮಡಚೋರು, ಅದನ್ನ ಪಾಸ್ಟಿ ಅನ್ನೋರು. ಅದು ಅವರ ಮಾವನ ಮನೆಯಿಂದ ಬಂದ ಅಡುಗೆ ಅಂತ ಹೇಳಿದ್ದು ನೆನಪಿದೆ.

ದೇಸಾಯರ_ವಾಡೆ:

ಅಕ್ಕಾರ, ನಮಸ್ಕಾರ್ರೀ. ನಿಮ್ಮ ಮನೆತನದ ಬಗ್ಗೆ ನನಗ ಗೊತ್ತಿಲ್ಲ, ಆದ್ರ ಅಡ್ಡಹೆಸರು ಅನ್ನೋದು ನಮಗ ಧಾರವಾಡದ ಕಡೆ ಮಂದಿಗೆ ದಿನಾ ಬಾಯಾಗ ಇರೋ ವಿಷಯ, ಅದಕ್ಕ ಎರಡು ಮಾತು ಬರೀತೀನಿ. ಬಡಿಗೇರ, ಕಂಬಾರ, ಕುಂಬಾರ, ಅಂಗಡಿ, ಮೆಣಸಿನಕಾಯಿ, ಹುಬ್ಬಳ್ಳಿ, ಗದಗ, ಹಿಂಗ ಕಸಬು, ಊರು, ಮಾಡೋ ವ್ಯಾಪಾರ ಎಲ್ಲಾ ಹೆಸರಾಗ್ಯಾವು. ಇಂಗ್ಲೆಂಡಿನಾಗೂ ಹಂಗ ಐತ್ರೀ. ಸ್ಮಿತ್ ಅಂದ್ರ ಕಂಬಾರ, ರೈಟ್ ಅಂದ್ರ ಬಡಿಗೇರ, ಪಾಟರ್ ಅಂದ್ರ ಕುಂಬಾರ, ಜಾನ್ಸನ್ ಅಂದ್ರ ಜಾನನ ಮಗ, ಆರ್ಮ್‌ಸ್ಟ್ರಾಂಗ್ ಅಂದ್ರ ತೋಳು ಗಟ್ಟಿ ಇರಾವ. ಹಿಲ್, ವುಡ್ ಅಂದ್ರ ಮನಿ ಗುಡ್ಡದ ಬಾಜೂಕ ಇತ್ತೋ ಕಾಡಿನ ಬಾಜೂಕ ಇತ್ತೋ ಅನ್ನೋದು.

1066ರಾಗ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ಬಂದು ಇಂಗ್ಲೆಂಡ್ ಗೆದ್ದ ಮ್ಯಾಲೆ ಮೊದಲ ದೊಡ್ಡ ಜಮೀನ್ದಾರರು ವಂಶದ ಹೆಸರು ಇಟ್ಕೊಳ್ಳಾಕ ಸುರು ಮಾಡಿದ್ರು, ಸಾದಾ ಮಂದಿಗೆ ಅಪ್ಪನಿಂದ ಮಗನಿಗೆ ಅದೇ ಹೆಸರು ಇಳಿಯೋದು ಗಟ್ಟಿ ಆಗಿದ್ದು 13, 14ನೇ ಶತಮಾನದ ಹೊತ್ತಿಗೆ. ಈಗ ಗದಗ ಅಂತ ಅಡ್ಡಹೆಸರು ಇದ್ದೋರೆಲ್ಲಾ ಒಬ್ಬನ ಅಪ್ಪನ ಮಕ್ಕಳು ಅಲ್ಲಲ್ರೀ, ಗದಗ ಬಿಟ್ಟು ಬ್ಯಾರೆ ಊರಿಗೆ ಹೋದಾಂವ ಎಲ್ಲಾ ಗದಗ ಆಗ್ತಾನ, ಗದಗಿನಾಗ ಇದ್ದಾಂವಗ ಯಾರೂ ಗದಗ ಅನ್ನಂಗಿಲ್ಲ. ಪೆನ್‌ರೋಸ್ ಊರಿನ ಹೆಸರಾಗಿದ್ರ ಅದಕ್ಕೂ ಇದೇ ಮಾತು.

ಆದ್ರ ಉಲ್ಟಾನೂ ಆಗತೈತಿ. ಯಾರ್ಕ್‌ಷೈರಿನಾಗ ಸೈಕ್ಸ್ ಅಂತ ಅಡ್ಡಹೆಸರು, ಸಣ್ಣ ಹಳ್ಳದ ಹೆಸರು ಅದು, ಹಂತಾ ಹಳ್ಳ ಊರಿಗೊಂದು ಇರತಾವು, ಹಂಗಾಗಿ ಸೈಕ್ಸ್ ಮಂದಿ ಹತ್ತಾರು ಕಡೆ ಹುಟ್ಟಿರಬೇಕು ಅಂತ ಎಲ್ಲಾರೂ ತಿಳಕೊಂಡಿದ್ರು. ಬ್ರಯಾನ್ ಸೈಕ್ಸ್ ಅನ್ನೋ ಆಕ್ಸ್‌ಫರ್ಡ್ ವಿಜ್ಞಾನಿ ತನ್ನ ಅಡ್ಡಹೆಸರಿನ ಗಂಡಸರ ವೈ ಕ್ರೋಮೋಸೋಮ್, ಅಂದ್ರ ಅಪ್ಪನಿಂದ ಮಗನಿಗಷ್ಟ ಇಳಿಯೋ ಡಿಎನ್‌ಎ, ಪರೀಕ್ಷೆ ಮಾಡಿ 2000ದಾಗ ಪ್ರಕಟ ಮಾಡಿದಾಗ ಹತ್ತಿರ ಹತ್ತಿರ ಅರ್ಧ ಮಂದೀದು ಒಂದೇ ನಮೂನಿ ಬಂತು, ಅಂದ್ರ ಅವರೆಲ್ಲಾ ಒಬ್ಬನೇ ಮೂಲಪುರುಷನ ಕಡೆಯವರು. ಅದಕ್ಕ ಹೆಸರಿನ ಅರ್ಥ ನೋಡಿ ವಂಶ ತೀರ್ಮಾನ ಮಾಡಾಕ ಹೋಗಬ್ಯಾಡ್ರಿ, ಕಾಗದಾ ಹುಡುಕ್ರಿ.

ಟ್ರೂರೋ_ಕನ್ನಡಿಗ:

ಮೇಡಂ, ನಿಮ್ಮ ಪೋಸ್ಟ್ ಓದಿ ನನಗೆ ಕೂತಲ್ಲಿ ಕೂರೋಕಾಗ್ಲಿಲ್ಲ. ನಾನು ಹದಿನಾಲ್ಕು ವರ್ಷದಿಂದ ಇಂಗ್ಲೆಂಡಿನ ನೈಋತ್ಯ ತುದೀಲಿರೋ ಕಾರ್ನ್‌ವಾಲ್‌ನಲ್ಲಿ ಇದೀನಿ, ಆಸ್ಪತ್ರೆ ಕೆಲಸ, ರಜಾ ದಿನ ಪೂರ್ತಿ ಇದೇ ಹುಚ್ಚು. ಊರು ಹಾಸನ, ಹೆಂಡತಿ ಇಲ್ಲಿನೋಳು, ಅವಳ ಮನೆತನ ಹುಡುಕ್ತಾ ಹುಡುಕ್ತಾ ಇದೆಲ್ಲಾ ಕಲಿತಿದ್ದು. ನಿಮ್ಮ ಮುತ್ತಾತ ಕಾರ್ನ್‌ವಾಲ್‌ನೋರು ಅಂತ ನಾನು ಬಲವಾಗಿ ನಂಬ್ತೀನಿ, ಯಾಕೆ ಅಂತ ಹೇಳ್ತೀನಿ.

ಮೊದಲು ಕ್ಯಾಪ್ಟನ್ ವಿಷಯ. ಕಾರ್ನ್‌ವಾಲ್‌ನ ತವರ, ತಾಮ್ರದ ಗಣಿಗಳಲ್ಲಿ ಕೆಲಸ ಮಾಡಿಸೋ ಮೇಲಿನವನಿಗೆ ಕ್ಯಾಪ್ಟನ್ ಅನ್ನೋರು. ಗಣಿ ಒಳಗೆ ನೋಡ್ಕೊಳ್ಳೋನೊಬ್ಬ ಕ್ಯಾಪ್ಟನ್, ಮೇಲೆ ಅದಿರು ಬೇರ್ಪಡಿಸೋ ಕಡೆ ನೋಡ್ಕೊಳ್ಳೋನೊಬ್ಬ ಕ್ಯಾಪ್ಟನ್. ಸೈನ್ಯಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಇಲ್ಲಿನ ಸ್ಮಶಾನದ ಕಲ್ಲುಗಳ ಮೇಲೂ ಕ್ಯಾಪ್ಟನ್ ಅಂತ ಕೆತ್ತಿರ್ತಾರೆ, ಹೊರಗಿನೋರು ನೋಡಿದ್ರೆ ಹಡಗೋ ಸೈನ್ಯವೋ ಅಂತ ಅಂದ್ಕೋತಾರೆ. ಕೆಜಿಎಫ್‌ನಲ್ಲಿ 1880ರಿಂದ ಗಣಿ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್, ಆ ಟೇಲರ್ ಮನೆತನ ಕಾರ್ನ್‌ವಾಲ್ ಗಣಿಗಳಲ್ಲೇ ಪಳಗಿದ್ದು, ಹಾಗಾಗಿ ಮೇಸ್ತ್ರಿ ಕೆಲಸಕ್ಕೆ ಇಲ್ಲಿಂದಲೇ ಜನ ಕರ್ಕೊಂಡು ಹೋದ್ರು. ಅಷ್ಟೊತ್ತಿಗೆ ಇಲ್ಲಿ ಹೊಟ್ಟೆಪಾಡು ಕೆಟ್ಟು ಕೂತಿತ್ತು. 1866ರಲ್ಲಿ ತಾಮ್ರದ ಬೆಲೆ ಬಿದ್ದು ಗಣಿ ಮೇಲೆ ಗಣಿ ಮುಚ್ಚಿದ್ವು, 1870ರ ದಶಕದಲ್ಲಿ ತವರವೂ ಬಿತ್ತು. ಆಸ್ಟ್ರೇಲಿಯಾ, ಅಮೆರಿಕಾ, ಮೆಕ್ಸಿಕೋ, ದಕ್ಷಿಣ ಆಫ್ರಿಕಾ, ಕೋಲಾರ, ನೆಲ ಅಗೆಯೋ ಕೆಲಸ ಎಲ್ಲಿದ್ರೆ ಅಲ್ಲಿಗೆ ಹೋದ್ರು.

ಪಾಸ್ಟಿ ಓದಿದ್ಮೇಲಂತೂ ಅನುಮಾನವೇ ಉಳೀಲಿಲ್ಲ. ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್ ಥರದ ಒಂದು ಗೆಡ್ಡೆ ಹಾಕಿ ಅಂಚನ್ನ ಪಕ್ಕದಲ್ಲಿ ಹೊಸೆಯೋದು ಇಲ್ಲಿನ ಗಣಿ ಕಾರ್ಮಿಕರ ಬುತ್ತಿ. ನಿಮ್ಮಜ್ಜಿ ಹಗ್ಗದ ಹಾಗೆ ಹೊಸೀತಿದ್ರು ಅಂದ್ರಲ್ಲ, ನನ್ನ ಅತ್ತೆ ಇವತ್ತಿಗೂ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಹಾಗೇ ಮಾಡ್ತಾರೆ.

ಈಗ ಹೆಸರು. ಗುಲಾಬಿಗೂ ಇದಕ್ಕೂ ಏನೂ ಸಂಬಂಧ ಇಲ್ಲ ಮೇಡಂ, ಇದು ಇಂಗ್ಲಿಷ್ ಪದವೇ ಅಲ್ಲ. ಕಾರ್ನಿಷ್ ಅಂತ ಇಲ್ಲಿ ಒಂದು ಭಾಷೆ ಇತ್ತು, ವೆಲ್ಷ್ ಭಾಷೆಗೆ ಅಕ್ಕ ತಂಗಿ ಇದ್ದ ಹಾಗೆ. ಪೆನ್ ಅಂದ್ರೆ ತಲೆ, ತುದಿ, ಕೊನೆ. ರೋಸ್ ಅಂದ್ರೆ ಪೊದೆ ಬೆಳೆದ ಬಯಲು, ಬಂಜರು ದಿಣ್ಣೆ. ಅಲ್ಲಿಗೆ ಪೆನ್‌ರೋಸ್ ಅಂದ್ರೆ ಬಯಲಿನ ತುದಿ. ನಮ್ಮಲ್ಲಿ ಬಯಲಕೊಪ್ಪ, ಕೊನೇಹಳ್ಳಿ ಅಂತೆಲ್ಲಾ ಊರಿರೋ ಹಾಗೇನೇ ಅಂದ್ಕೊಳ್ಳಿ. ಟ್ರೆ, ಪೋಲ್, ಪೆನ್ ಅಂತ ಹೆಸರು ಶುರುವಾದ್ರೆ ಅವನು ಕಾರ್ನ್‌ವಾಲ್‌ನೋನು ಅಂತ ಈ ಸೀಮೆ ಬಗ್ಗೆ ಪುಸ್ತಕ ಬರೆದ ರಿಚರ್ಡ್ ಕೆರೂ 1602ರಲ್ಲೇ ಬರೆದಿಟ್ಟಿದಾನೆ, ಟ್ರೆ ಅಂದ್ರೆ ಒಕ್ಕಲಮನೆ, ಪೋಲ್ ಅಂದ್ರೆ ಕೊಳ. ಮೇಲೆ ದೇಸಾಯರು ಕಂಬಾರ ಅಂದ್ರಲ್ಲ, ಕಂಬಾರನಿಗೆ ಕಾರ್ನಿಷಲ್ಲಿ ಆನ್ ಗೋವ್, ಅದು ಆಂಗೋವ್ ಅಂತ ಅಡ್ಡಹೆಸರಾಗಿ ಇವತ್ತಿಗೂ ಇದೆ, 1497ರಲ್ಲಿ ತೆರಿಗೆ ವಿರುದ್ಧ ದಂಗೆ ಎದ್ದು ಲಂಡನ್ನಿನವರೆಗೂ ನಡೆದು ಹೋದ ಮುಂದಾಳು ಒಬ್ಬ ಕಂಬಾರ, ಅವನ ಹೆಸರೂ ಅದೇ.

ಬಯಲಿನ ತುದಿ ಅನ್ನೋ ಜಾಗ ಒಂದೇ ಇರೋಕೆ ಸಾಧ್ಯವಾ? ಪೆನ್‌ರೋಸ್ ಅನ್ನೋ ಜಾಗ ಹೆಲ್‌ಸ್ಟನ್ ಊರಿನ ಹತ್ರ ಸಿತ್ನಿ ಪ್ಯಾರಿಷ್‌ನಲ್ಲಿ (ಪ್ಯಾರಿಷ್ ಅಂದ್ರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಇದೆ, ಉತ್ತರದ ಕಡೆ ಸೇಂಟ್ ಅರ್ವನ್‌ನಲ್ಲಿದೆ, ಇನ್ನೂ ಕೆಲವು ಕಡೆ ಇದೆ, ವೇಲ್ಸ್‌ನಲ್ಲಿ ಪೆನ್‌ರೋಸ್ ಅಂತಲೇ ಅದೇ ಅರ್ಥದ ಊರುಗಳಿವೆ. ಅಲ್ಲೆಲ್ಲಾ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಆ ಹೆಸರು ಅಂಟಿಕೊಂಡಿದೆ. ಕಾರ್ನ್‌ವಾಲ್‌ನಲ್ಲಿ ಇನ್ನೂ ಒಂದು ತೊಡಕು, ಇಲ್ಲಿ ಅಡ್ಡಹೆಸರು ಗಟ್ಟಿ ಆಗಿದ್ದೇ ಉಳಿದ ಇಂಗ್ಲೆಂಡಿಗಿಂತ ತಡವಾಗಿ. ಒಬ್ಬ ಒಂದು ಒಕ್ಕಲು ಬಿಟ್ಟು ಇನ್ನೊಂದು ಒಕ್ಕಲಿಗೆ ಹೋದ್ರೆ ಹೊಸ ಜಾಗದ ಹೆಸರೇ ಅವನ ಹೆಸರಾಗ್ತಿತ್ತು, ಹಳೇ ರಿಜಿಸ್ಟರ್‌ನಲ್ಲಿ ಇಂಥವನು ಅಲಿಯಾಸ್ ಇಂಥವನು ಅಂತ ಎರಡೆರಡು ಅಡ್ಡಹೆಸರು ಬರೆದಿರೋದು ನಾನೇ ನೋಡಿದೀನಿ.

ಸಿತ್ನಿಯ ಪೆನ್‌ರೋಸ್ ಎಸ್ಟೇಟ್‌ನಲ್ಲಿ ಅದೇ ಹೆಸರಿನ ಜಮೀನ್ದಾರಿ ಮನೆತನ ಇದ್ದಿದ್ದು ನಿಜ. 1771ರಲ್ಲಿ ಅದನ್ನ ರೋಜರ್ಸ್ ಅನ್ನೋ ಮನೆತನ ಕೊಂಡ್ಕೊಂಡ್ತು, 1974ರಲ್ಲಿ ಹಳೇ ಜಾಗಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್‌ಗೆ ಬಂತು, ಈಗ ಎಲ್ಲರೂ ವಾಕಿಂಗ್ ಹೋಗೋ ಜಾಗ. ಆದ್ರೆ ಆ ಜಾಗದಲ್ಲಿ ಹೊಲ ಉತ್ತಿದ್ದ ಒಕ್ಕಲಿನವನಿಗೂ, ಕೂಲಿಯವನಿಗೂ ಪೆನ್‌ರೋಸ್ ಅಂತ ಹೆಸರು ಬಂದಿರಬಹುದು. ನಿಮ್ಮಣ್ಣನಿಗೆ ಬೇಜಾರಾಗ್ದೇ ಇರೋ ಹಾಗೆ ಹೇಳಿ, ಲಾಂಛನ ಅಡ್ಡಹೆಸರಿಗೆ ಸಿಗೋದಲ್ಲ. ಅದನ್ನ ಕೊಡೋದು ಒಬ್ಬ ವ್ಯಕ್ತಿಗೆ, ಆಮೇಲೆ ಅವನ ಗಂಡು ಸಂತತಿಗೆ ಇಳಿಯುತ್ತೆ, ಅದಕ್ಕಂತಲೇ ಲಂಡನ್ನಿನಲ್ಲಿ 1484ರಿಂದ ಕಾಲೇಜ್ ಆಫ್ ಆರ್ಮ್ಸ್ ಇದೆ. ಒಂದೇ ಹೆಸರಿನೋರು ಅನ್ನೋ ಕಾರಣಕ್ಕೆ ಲಾಂಛನ ನಮ್ಮದಾಗಲ್ಲ, ನೊಬೆಲ್ ತಗೊಂಡೋರು ನೆಂಟರೂ ಆಗಲ್ಲ.

ಕೊನೇದಾಗಿ ಆ ಪುಸ್ತಕ. ದಯವಿಟ್ಟು ಇವತ್ತೇ ಹೊರಗೆ ಬೆಳಕಿಗೆ ತಂದು ನೋಡಿ, ಅದು ಬ್ರಿಡ್ಜ್ ಅಂತಲೇ ಇದೆಯಾ, ಇಲ್ಲ ಬಿ, ಆರ್ ಆದ್ಮೇಲೆ ಇ, ಎ ಇದೆಯಾ? ಹೆಲ್‌ಸ್ಟನ್‌ಗೂ ಪೆನ್‌ಜಾನ್ಸ್‌ಗೂ ನಡುವೆ ಬ್ರೀಗ್ ಅಂತ ಒಂದು ಹಳ್ಳಿ ಇದೆ, ಸ್ಪೆಲ್ಲಿಂಗ್ ಬಿ ಆರ್ ಇ ಎ ಜಿ ಇ. ಸಿತ್ನಿಗೆ ಪಕ್ಕದ ಪ್ಯಾರಿಷ್. ವೀಲ್ ವೋರ್ ಅನ್ನೋ ದೊಡ್ಡ ತವರದ ಗಣಿ ಅದರ ಪಕ್ಕದಲ್ಲೇ ಇತ್ತು.

ಮಾಲೂರು_ಮಗಳು:

ಸರ್, ಕೈ ನಡುಗ್ತಾ ಇದೆ ಟೈಪ್ ಮಾಡೋಕೆ. ಪುಸ್ತಕ ಕಿಟಕಿ ಹತ್ರ ತಂದು ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡ್ದೆ. ನಾವು ಡಿ ಅಂದ್ಕೊಂಡಿದ್ದು ಎ ಅಕ್ಷರಾನೇ, ಅದರ ಮೇಲೆ ನಿಂತಿರೋ ಗೆರೆ ಶಾಯಿ ಅಲ್ಲ, ನೀರಿನ ಕಲೆಯ ಅಂಚು. ಐ ಅಂದ್ಕೊಂಡಿದ್ದಕ್ಕೆ ಚುಕ್ಕೆ ಇಲ್ಲ, ಸುತ್ತು ಇದೆ, ಅದು ಇ. ಅಮ್ಮನಿಗೆ ತೋರಿಸಿದೆ, ಕನ್ನಡಕ ಹಾಕ್ಕೊಂಡು ಎಷ್ಟೋ ಹೊತ್ತು ನೋಡಿ, ನಮ್ಮಪ್ಪ ಇದನ್ನ ಬ್ರೀಗ್ ಅಂತಲೇ ಅಂತಿದ್ರು ಕಣೆ, ನಾನು ಯಾರೋ ಮನುಷ್ಯನ ಹೆಸರು ಅಂದ್ಕೊಂಡಿದ್ದೆ ಅಂದ್ರು. ಇಷ್ಟು ವರ್ಷ ಅದನ್ನ ಒಂದ್ಸಲಾನೂ ಬಾಯಿಬಿಟ್ಟಿರ್ಲಿಲ್ಲ.

ಮುಂದೆ ಏನ್ ಮಾಡ್ಲಿ ಹೇಳಿ. ದುಡ್ಡು ಕಟ್ಟೋ ವೆಬ್‌ಸೈಟ್ ಅಂದ್ರೆ ಈಗ ಸ್ವಲ್ಪ ಭಯ.

ಟ್ರೂರೋ_ಕನ್ನಡಿಗ:

ದುಡ್ಡಿಲ್ಲದೇನೇ ಬಹಳ ದೂರ ಹೋಗಬಹುದು. ಆದ್ರೆ ಬ್ರೀಗ್ ಸಿಕ್ತು ಅಂತ ನೇರ ಅಲ್ಲಿಗೆ ಹಾರಬೇಡಿ, ಒಂದೇ ಹೆಸರಿನ ಬೇರೆ ಯಾರನ್ನೋ ಮುತ್ತಾತ ಅಂದ್ಕೊಂಡು ಬಿಡ್ತೀರ. ನಿಮ್ಮ ಅಮ್ಮನಿಂದ ಶುರು ಮಾಡಿ, ಅವರಪ್ಪ, ಅವರ ತಾತ, ಹೀಗೆ ಒಂದೊಂದೇ ಮೆಟ್ಟಿಲು ಕಾಗದದ ಆಧಾರ ಇಟ್ಕೊಂಡು ಹಿಂದೆ ಹೋಗಿ.

ಮದುವೆ ದಾಖಲೆ ಮೊದಲು ಬೇಕು. ಬ್ರಿಟಿಷರ ಕಾಲದಲ್ಲಿ ಇಂಡಿಯಾದ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ಇವುಗಳ ನಕಲು ಲಂಡನ್ನಿಗೆ ಹೋಗ್ತಿತ್ತು, ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಅಲ್ಲಿನ ಸಾಲುಗಳ ಗುರುತು ಬೆಂಗಾಲಿಗೆ ಎನ್/1, ಮದ್ರಾಸಿಗೆ ಎನ್/2, ಬಾಂಬೆಗೆ ಎನ್/3. ಮೈಸೂರು ಸಂಸ್ಥಾನದ ಚರ್ಚುಗಳದ್ದು ಮದ್ರಾಸ್ ಸಾಲಲ್ಲಿ ನೋಡಬೇಕು. ವಂಶಾವಳಿ ಹುಡುಕೋ ತಾಣ ಫ್ಯಾಮಿಲಿಸರ್ಚ್‌ನಲ್ಲಿ ಸೂಚಿ ಉಚಿತ, ಇಂಡಿಯಾದಲ್ಲಿದ್ದ ಬ್ರಿಟಿಷ್ ಮನೆತನಗಳನ್ನ ಹುಡುಕೋರ ಫಿಬಿಸ್ ಅನ್ನೋ ಸಂಘದ ಡೇಟಾಬೇಸಲ್ಲೂ ಉಚಿತವಾಗಿ ಹುಡುಕಬಹುದು. ಮದುವೆ ದಾಖಲೇಲಿ ವಯಸ್ಸು, ಕಸಬು, ಅಪ್ಪನ ಹೆಸರು ಇರುತ್ತೆ, ಆ ಅಪ್ಪನ ಹೆಸರೇ ನಿಮಗೆ ಬೀಗದಕೈ.

ಅದು ಸಿಕ್ಕಿದ್ಮೇಲೆ ಕಾರ್ನ್‌ವಾಲ್ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್ ಅನ್ನೋ ತಾಣಕ್ಕೆ ಬನ್ನಿ, ಸ್ವಯಂಸೇವಕರು ಕೂತು ಹಳೇ ರಿಜಿಸ್ಟರ್‌ಗಳನ್ನ ಸಾಲು ಸಾಲಾಗಿ ಟೈಪ್ ಮಾಡಿ ಹಾಕಿದಾರೆ, ಅದೂ ಉಚಿತ. ಇಂಗ್ಲೆಂಡಲ್ಲಿ ಪ್ಯಾರಿಷ್ ರಿಜಿಸ್ಟರ್ ಶುರುವಾಗಿದ್ದು 1538ರಲ್ಲಿ, ಸರ್ಕಾರಿ ಜನನ ಮರಣ ನೋಂದಣಿ 1837ರ ಜುಲೈ 1ರಿಂದ. ಜನಗಣತಿ 1841ರಿಂದ ಹೆಸರು ಸಮೇತ ಸಿಗುತ್ತೆ, ಆದ್ರೆ 1841ರದ್ದನ್ನ ನೋಡುವಾಗ ಹುಷಾರು, ಹದಿನೈದು ದಾಟಿದವರ ವಯಸ್ಸನ್ನ ಐದರ ಲೆಕ್ಕಕ್ಕೆ ಇಳಿಸಿ ಬರೆದಿದಾರೆ, ಮೂವತ್ತೆಂಟು ಇದ್ರೆ ಮೂವತ್ತೈದು. 1851ರಿಂದ ಹುಟ್ಟಿದ ಪ್ಯಾರಿಷ್, ಮನೆ ಯಜಮಾನನಿಗೆ ಏನಾಗಬೇಕು ಅನ್ನೋದು ಎಲ್ಲಾ ಇದೆ. 1881ರದ್ದರ ಸೂಚಿ ಫ್ಯಾಮಿಲಿಸರ್ಚ್‌ನಲ್ಲಿ ಉಚಿತ.

ಸ್ಪೆಲ್ಲಿಂಗ್ ಒಂದನ್ನೇ ಹಿಡ್ಕೊಂಡು ಕೂರಬೇಡಿ. ಪೆನ್‌ರೋಸ್ ಕೊನೇಲಿ ಇ ಇರುತ್ತೆ, ಇರಲ್ಲ, ಎಸ್ ಎರಡು ಇರುತ್ತೆ, ಮಧ್ಯೆ ಡಿ ನುಗ್ಗಿರುತ್ತೆ. ಕಿವಿಗೆ ಬಿದ್ದ ಹಾಗೆ ಗುಮಾಸ್ತ ಬರ್ಕೊಂಡಿದ್ದು ಅದು.

ಇನ್ನೊಂದು ಮಾತು ಮುಂಚೆನೇ ಹೇಳ್ಬಿಡ್ತೀನಿ, ಆಮೇಲೆ ಮನಸ್ಸಿಗೆ ನೋವಾಗಬಾರದು. ಅಡ್ಡಹೆಸರು ಬಂದ ದಾರಿ ಯಾವಾಗ್ಲೂ ರಕ್ತದ ದಾರಿ ಆಗಿರಲ್ಲ. ದತ್ತು ಬಂದಿರ್ತಾರೆ, ವಿಧವೆ ಮದುವೆ ಆಗಿ ಮಕ್ಕಳಿಗೆ ಹೊಸ ಹೆಸರು ಬಂದಿರುತ್ತೆ, ಮದುವೆ ಆಗದ ತಾಯಿಯ ಹೆಸರು ಮಗುವಿಗೆ ಬಂದಿರುತ್ತೆ. ಅದನ್ನೆಲ್ಲಾ ಇದ್ದ ಹಾಗೆ ಒಪ್ಕೊಂಡೇ ಹುಡುಕಬೇಕು. ಡಿಎನ್‌ಎ ಮಾಡಿಸೋ ಯೋಚನೆ ಇದ್ರೆ, ಅಡ್ಡಹೆಸರಿನ ಜೊತೆ ಸಾಗೋ ವೈ ಕ್ರೋಮೋಸೋಮ್ ನಿಮ್ಮಲ್ಲೂ ಇಲ್ಲ, ಅಮ್ಮನಲ್ಲೂ ಇಲ್ಲ, ನಿಮ್ಮಣ್ಣನಲ್ಲಿರೋದು ನಿಮ್ಮ ತಂದೆ ಕಡೇದು. ಅಮ್ಮನ ಅಣ್ಣ ತಮ್ಮಂದಿರು ಇದ್ರೆ ಅವರು ಮಾಡಿಸಬೇಕು.

ಊರ್ಗಾಂ_ಹಳಬ:

ನಾನು ಕೆಜಿಎಫ್‌ನ ಊರ್ಗಾಂನಲ್ಲೇ ಹುಟ್ಟಿ ಬೆಳೆದೋನು, ನಮ್ಮಪ್ಪ ಗಣೀಲಿ ಕೆಲಸ ಮಾಡಿದೋರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಅವರ ಜೊತೆ ಗೇಟ್ ಹತ್ರ ನಿಂತಿದ್ದೆ. ಟ್ರೂರೋ ಸಾರ್ ಹೇಳಿದ್ದು ಸರಿ, ನಮ್ಮ ಕಡೆ ಹಳಬರು ಗಣಿ ಮೇಲಿನವರನ್ನ ಕ್ಯಾಪ್ಟನ್ ಅಂತಿದ್ದಿದ್ದು ನಾನೂ ಕೇಳಿದೀನಿ, ನನಗೂ ಇವತ್ತೇ ಗೊತ್ತಾಗಿದ್ದು ಅದು ಎಲ್ಲಿಂದ ಬಂತು ಅಂತ.

ಸಿಸ್ಟರ್, ನೀವು ಲಂಡನ್ ನಕಲು ನೋಡೋದು ನೋಡಿ, ಆದ್ರೆ ಅದು ನಕಲು ಅಷ್ಟೇ, ಗುಮಾಸ್ತ ಕೂತು ಕಾಪಿ ಮಾಡಿರೋದು. ಮೂಲ ರಿಜಿಸ್ಟರ್ ಇಲ್ಲಿ ಚರ್ಚಲ್ಲಿ ಇರಬೇಕು. ಇಂಗ್ಲೆಂಡ್ ಚರ್ಚಿನೋರು, ಮೆಥೋಡಿಸ್ಟ್‌ನೋರು ಎಲ್ಲಾ 1947ರಲ್ಲಿ ಸೇರಿ ಸಿಎಸ್‌ಐ, ಅಂದ್ರೆ ದಕ್ಷಿಣ ಭಾರತ ಸಭೆ ಆದ್ರಲ್ಲ, ಹಾಗಾಗಿ ಸಿಎಸ್‌ಐ ಅಯ್ಯನೋರನ್ನೇ ಕೇಳಬೇಕು. ಸುಮ್ನೆ ಹೋಗಿ ನಿಂತ್ರೆ ಆಗಲ್ಲ, ಮುಂಚೆ ಕಾಗದ ಕೊಡಿ, ಯಾರ ಹೆಸರು, ಸುಮಾರು ಯಾವ ವರ್ಷ, ನೀವು ಅವರಿಗೆ ಏನಾಗಬೇಕು ಅಂತ ಬರೆದು ಕೊಡಿ. ಭಾನುವಾರ ಹೋಗಬೇಡಿ, ಅವತ್ತು ಅವರಿಗೆ ಪುರುಸೊತ್ತಿರಲ್ಲ. ಹಾಳೆ ಪುಡಿ ಪುಡಿ ಆಗೋ ಸ್ಥಿತಿ, ಅವರು ತಿರುವಲಿ, ನೀವು ಫೋಟೋ ತೆಗೀರಿ.

ಮೂಲದಲ್ಲಿ ಗಂಡು ಹೆಣ್ಣು ಇಬ್ಬರ ಸಹಿ ಇರುತ್ತೆ, ಸಾಕ್ಷಿಗಳ ಸಹಿನೂ. ಸಾಕ್ಷಿ ಹೆಸರು ಬಿಡಬೇಡಿ, ಬರ್ಕೊಳ್ಳಿ. ದೂರದೂರಿಂದ ಬಂದೋನಿಗೆ ಸಾಕ್ಷಿ ಹಾಕೋನು ಸಾಮಾನ್ಯವಾಗಿ ಅವನ ಊರೋನೇ.

ಸಮಾಧಿ ಕಲ್ಲು ಹುಡುಕೋದಾದ್ರೆ ನಾನು ಜೊತೇಲಿ ಬರ್ತೀನಿ, ಗಿಡ ಬೆಳೆದಿದೆ, ಒಬ್ಬರೇ ಹೋಗಬೇಡಿ. ಕೆಲವರು ಅಕ್ಷರ ಕಾಣ್ಲಿ ಅಂತ ಬ್ರಷ್ ಹಾಕಿ ಉಜ್ಜುತಾರೆ, ಸೀಮೆಸುಣ್ಣ ಬಳೀತಾರೆ, ಅದು ಬೇಡ, ಕಲ್ಲು ಹಾಳಾಗುತ್ತೆ. ಸಾಯಂಕಾಲ ಐದೂವರೆ ಆರರ ಹೊತ್ತಿಗೆ ಹೋಗಿ ಕಲ್ಲಿನ ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಡಿ, ಸವೆದ ಅಕ್ಷರದ ನೆರಳು ಎದ್ದು ಕಾಣುತ್ತೆ. ನಮ್ಮಜ್ಜನ ಕಲ್ಲು ನಾನು ಹಾಗೇ ಓದಿದ್ದು.

ಮಾಲೂರು_ಮಗಳು:

ಏಳು ವಾರ ಆಯ್ತು ಬರೆದು. ಎಲ್ಲಾ ಹೇಳ್ತೀನಿ.

ಮದ್ರಾಸ್ ಸಾಲಿನ ಸೂಚೀಲಿ ಮದುವೆ ಸಿಕ್ತು, 1892. ಊರ್ಗಾಂ ಅಣ್ಣ ಅವರ ಜೊತೆ ಚರ್ಚಿಗೆ ಹೋಗಿ, ಎರಡು ಸಲ ವಾಪಸ್ ಬಂದು, ಮೂರನೇ ಸಲ ಮೂಲ ರಿಜಿಸ್ಟರ್ ನೋಡಿದ್ವಿ. ವಯಸ್ಸು 26, ಕಸಬು ಮೈನರ್, ಅಂದ್ರೆ ಗಣಿ ಕೆಲಸದವರು. ಅವತ್ತಿಗಿನ್ನೂ ಕ್ಯಾಪ್ಟನ್ ಆಗಿರ್ಲಿಲ್ಲ. ಅಪ್ಪನ ಹೆಸರೂ ಇದೆ, ಅಪ್ಪನ ಕಸಬೂ ಗಣಿ. ಸಹಿ ಇದೆ. ಹೆಂಡತಿ ಸಹಿ ಗುಂಡು ಗುಂಡಾಗಿ ಚೆನ್ನಾಗಿದೆ, ಇವರದ್ದು ಪೆನ್ನು ಒತ್ತಿ ಹಿಡಿದು ಬರೆದ ಹಾಗೆ, ಕೊನೇ ಇ ಇಲ್ಲ! ಪುಸ್ತಕದ ಹಾಳೆ ತೆಗೆದು ನೋಡಿದ್ರೆ ಅಲ್ಲೂ ಕೊನೇ ಇ ಇಲ್ಲ, ನಾವು ಇದೆ ಅಂದ್ಕೊಂಡೇ ಓದ್ತಿದ್ವಿ.

ಬ್ರೀಗ್ ದೀಕ್ಷಾಸ್ನಾನದ ಪಟ್ಟೀಲಿ ಅದೇ ಹೆಸರಿನ ಇಬ್ಬರು ಹುಡುಗರು, ಒಬ್ಬ 1865, ಇನ್ನೊಬ್ಬ 1866, ಇಬ್ಬರ ಅಪ್ಪಂದಿರ ಹೆಸರೂ ಒಂದೇ. ಎರಡು ದಿನ ನಿದ್ದೆ ಬರ್ಲಿಲ್ಲ ನನಗೆ. ಆಮೇಲೆ ಟ್ರೂರೋ ಸರ್ ಮೆಸೇಜಲ್ಲಿ ಹೇಳಿದ ಹಾಗೆ ಸಮಾಧಿ ಪಟ್ಟಿ ನೋಡ್ದೆ, 1865ರ ಮಗು ನಾಲ್ಕು ವರ್ಷಕ್ಕೆ ತೀರಿಕೊಂಡಿದೆ. ಯಾರದೋ ಮನೆ ಮಗು, ನೂರೈವತ್ತು ವರ್ಷ ಆಯ್ತು, ಆದ್ರೂ ಆ ಸಾಲು ಓದಿ ಕಣ್ಣಲ್ಲಿ ನೀರು ಬಂತು. ಉಳಿದಿದ್ದು 1866ರ ಹುಡುಗ. 1871ರ ಗಣತೀಲಿ ಐದು ವರ್ಷ, ಅಪ್ಪ ತವರದ ಗಣಿ ಕಾರ್ಮಿಕ, ಮನೇಲಿ ಆರು ಮಕ್ಕಳು. 1881ರಲ್ಲಿ ಹದಿನೈದು, ಅವನ ಹೆಸರಿನ ಮುಂದೇನೂ ತವರದ ಗಣಿ ಅಂತ ಬಂದ್ಬಿಟ್ಟಿದೆ, ಅಪ್ಪನ ಹೆಸರಿಲ್ಲ, ಅಮ್ಮನ ಮುಂದೆ ವಿಧವೆ ಅಂತ ಇದೆ. 1891ರಲ್ಲಿ ಆ ಮನೇಲಿ ಅವನಿಲ್ಲ. ಅಷ್ಟೊತ್ತಿಗೆ ಕೋಲಾರದಲ್ಲಿದ್ದ.

ಪೆರ್ತ್‌ನಲ್ಲಿರೋ ದೊಡ್ಡ ಮಾವ ವೈ ಡಿಎನ್‌ಎ ಮಾಡಿಸ್ತೀನಿ ಅಂದಿದಾರೆ. ಲಾಂಛನದ ಫ್ರೇಮ್ ಜಾಗದಲ್ಲಿ ಅಣ್ಣನೇ ಆ ಸಹಿ ಇರೋ ಪುಟದ ಫೋಟೋ ದೊಡ್ಡದು ಮಾಡಿಸಿ ಹಾಕಿದಾನೆ, ನಾನು ಹೇಳಲೇ ಇಲ್ಲ, ಅವನೇ ಮಾಡಿದ್ದು.

ಅಮ್ಮನಿಗೆ ಎಲ್ಲಾ ಓದಿ ಹೇಳಿದೆ. ಸುಮ್ನೆ ಕೇಳಿಸ್ಕೊಂಡ್ರು, ಕೊನೇಲಿ ಒಂದೇ ಪ್ರಶ್ನೆ, ಆ ವಿಧವೆ ತಾಯಿ ಮಗ ಹೋದ್ಮೇಲೆ ಏನಾದ್ಲು? ನನ್ನ ಹತ್ರ ಉತ್ತರ ಇರ್ಲಿಲ್ಲ. ಸರ್, 1891ರ ಗಣತೀಲಿ ಆಕೆ ಮಗಳ ಮನೇಲಿದಾರೆ, ಅದಾದ್ಮೇಲೆ ಬ್ರೀಗ್ ಸಮಾಧಿ ಪಟ್ಟೀಲಿ 1898ರಲ್ಲಿ ಅದೇ ಹೆಸರು, ಹೊಂದೋ ವಯಸ್ಸು. ಆಕೆ ಕಲ್ಲು ಅಲ್ಲಿ ಉಳಿದಿದೆಯಾ ಅಂತ ನಿಮಗೆ ಯಾವಾಗಲಾದ್ರೂ ಆ ಕಡೆ ಹೋದಾಗ ನೋಡೋಕಾಗುತ್ತಾ?

ಟ್ರೂರೋ_ಕನ್ನಡಿಗ:

ಯಾವಾಗಲಾದ್ರೂ ಯಾಕೆ, ಈ ಶನಿವಾರ ನನಗೆ ಡ್ಯೂಟಿ ಇಲ್ಲ, ಬ್ರೀಗ್ ಇಲ್ಲಿಂದ ಮುಕ್ಕಾಲು ಗಂಟೆ ಕಾರಲ್ಲಿ. ಬಡವರ ಮನೆಗೆ ಕಲ್ಲು ಹಾಕಿಸೋ ಶಕ್ತಿ ಇರ್ತಿರ್ಲಿಲ್ಲ, ಅದಕ್ಕೆ ಸಿಗದೇ ಹೋದ್ರೂ ಅಮ್ಮನಿಗೆ ಬೇಜಾರು ಮಾಡ್ಕೋಬೇಡಿ ಅನ್ನಿ, ಚರ್ಚಿನ ಅಂಗಳದ ಫೋಟೋ ತಂದೇ ತರ್ತೀನಿ. 1871ರ ಗಣತೀಲಿ ಮನೆ ಇದ್ದ ಜಾಗದ ಹೆಸರು ಎಡಗಡೆ ಸಾಲಲ್ಲಿ ಇರುತ್ತೆ, ಅದನ್ನ ನನಗೆ ಕಳಿಸಿ, ಆ ಮನೆಗಳು ಇನ್ನೂ ಇದ್ರೆ ಅದನ್ನೂ ನೋಡ್ಕೊಂಡು ಬರ್ತೀನಿ. ರೆಡ್ರೂತ್‌ನಲ್ಲಿ ಕ್ರೆಸೆನ್ ಕೆರ್ನೋ ಅಂತ ಕೌಂಟಿಯ ದಾಖಲೆ ಭಂಡಾರ ಇದೆ, 2019ರಲ್ಲಿ ಹಳೇ ಬಿಯರ್ ಕಾರ್ಖಾನೇಲಿ ತೆರೆದಿದ್ದು, ಗಣಿ ಕಂಪನಿಗಳ ಕಾಗದಗಳೆಲ್ಲಾ ಅಲ್ಲಿವೆ. ಅಪ್ಪ 1871ರಿಂದ 1881ರ ಒಳಗೆ ತೀರಿಕೊಂಡಿದಾರೆ ಅಂದ್ರಲ್ಲ, ಗಣೀಲಿ ಏನಾದ್ರೂ ಆಗಿತ್ತಾ ಅಂತ ಮುಂದಿನ ತಿಂಗಳು ಅಲ್ಲಿ ಕೂತು ನೋಡ್ತೀನಿ. ಮರಣ ಪತ್ರಕ್ಕೆ ನೀವು ಅರ್ಜಿ ಹಾಕಿಡಿ, ನೋಂದಣಿ ಜಿಲ್ಲೆ ಹೆಲ್‌ಸ್ಟನ್ ಅಂತ ಕೊಡಿ, ಸ್ಪೆಲ್ಲಿಂಗ್ ಎರಡೂ ಹಾಕಿ ಹುಡುಕಿ, ಕೊನೇ ಇ ಇರೋದು, ಇಲ್ಲದ್ದು.